ಅಳಿಸಬೇಡಿ ಎಂದವರು

"ಈಕೆಗೆ ಕೆಲಸ ಬರಲ್ಲ ಸಿಸ್ಟರ್, ಅದಕ್ಕೇ ಇಷ್ಟು ಹೊತ್ತು," ಎಂದು ಮೇಲಧಿಕಾರಿ ಅಂದದ್ದೇ ತಡ, ಕಂಪ್ಯೂಟರ್ ಆಪರೇಟರಮ್ಮನ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಕೆಲಸಗಳನ್ನು ಹೊತ್ತುಹೊತ್ತಿಗೆ ತಾನಾಗಿ ನಡೆಸುವ ಸಾಫ್ಟ್‌ವೇರು ಬೆಳಗ್ಗೆಯಿಂದ ತನ್ನ ಡೇಟಾ ಫೈಲನ್ನು ಮರುಜೋಡಿಸಿಕೊಳ್ಳುತ್ತ ಕೂತಿತ್ತು. ಅದು ಮುಗಿಯದೆ ವಾರ್ಡುಗಳಿಗೆ ಔಷಧಿಯ ಪಟ್ಟಿ ಹೋಗುವಂತಿಲ್ಲ. ಹಿರಿಯ ನರ್ಸು ಬಾಗಿಲಲ್ಲೇ ಕಾಯುತ್ತಿದ್ದರು. ಮುಗಿದುಹೋದ ಕೆಲಸಗಳ ಎಂಟು ವರ್ಷದ ದಾಖಲೆ ಆ ಫೈಲಿನಲ್ಲಿ ಸುಮ್ಮನೆ ತುಂಬಿದೆ, ಅಳಿಸಿದರೆ ಮರುಜೋಡಣೆ ಇಪ್ಪತ್ತೇ ನಿಮಿಷದ ಕೆಲಸ ಎಂದು ಆಪರೇಟರಮ್ಮ ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ಮೇಲಧಿಕಾರಿ "ಮುಟ್ಟಬೇಡಿ" ಎಂದು ಗೀಚಿ ವಾಪಸು ಕಳಿಸಿದ್ದ.

ಅವಳು ಎದ್ದವಳೇ ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಂತೆ ತಳ್ಳಿದಳು. "ಕೂತ್ಕೊಳ್ಳಿ ಸರ್. ಕೆಲಸ ಬರೋರು ನೀವೇ ಮಾಡಿ."

ಅವನು ಪರದೆ ನೋಡಿದ, ಕೀಬೋರ್ಡು ನೋಡಿದ. ದನಿ ಇಳಿಯಿತು. "ಈಗ ನಿಲ್ಲಿಸಿ, ಹಳೇದನ್ನ ಅಳಿಸಿದ್ರೆ... ಬೇಗ ಆಗುತ್ತಾ?"

"ಮೂರು ಸಲ ಅದನ್ನೇ ಬರ್ಕೊಟ್ಟಿದ್ದೆ!" ಅವಳು ನಿಂತಲ್ಲೇ ಬಾಗಿ ಕೀಲಿಗಳನ್ನು ಒತ್ತತೊಡಗಿದಳು.

"ಮತ್ತೆ ಬೇಡ ಅಂದೋರು ಯಾರು?" ನರ್ಸು ನೇರವಾಗಿ ಅವನನ್ನೇ ಕೇಳಿದರು.

ಅವನು ಕುರ್ಚಿಯನ್ನು ಮೆಲ್ಲಗೆ ಆಪರೇಟರಮ್ಮನ ಕಡೆಗೆ ತಳ್ಳಿದ.

"ನಾನೇ, ಸಿಸ್ಟರ್," ಎಂದ.