ಹೆಂಡತಿ ಗದ್ದುಗೆ ಇಳಿಯುವ ದಿನ

ಅಡೆಜುಗ್ಬೆ ಹೆಂಡತಿಗೆ ಉದ್ದಕ್ಕೆ ಅಡ್ಡಬಿದ್ದಿದ್ದ. ಮೂಗು ನೆಲಕ್ಕೆ ತಾಗಿತ್ತು, ಹೊಟ್ಟೆ ಹಸಿದಿತ್ತು.

ಮೊದಲಾಗಿದ್ದರೆ ಇದೇ ಹೆಂಡತಿ ಇವನ ಮುಂದೆ ಮಂಡಿಯೂರಿ ಊಟ ಬಡಿಸುತ್ತಿದ್ದಳು. ಆದರೆ ಅವಳ ಅಪ್ಪ, ಇಲೊಡೊ ಊರಿನ ದೊರೆ, ತೀರಿಕೊಂಡಿದ್ದ. ಅಲ್ಲಿನ ಪದ್ಧತಿಯಂತೆ ದೊರೆ ಸತ್ತರೆ, ಹೊಸಬನನ್ನು ಆರಿಸುವವರೆಗೆ ಮಗಳು ಗಂಡುಡುಗೆ ತೊಟ್ಟು ಆಳಬೇಕು. ಊರೆಲ್ಲ ಅವಳನ್ನು ಗಂಡಸೆಂದೇ ಕಾಣಬೇಕು, ಕಟ್ಟಿಕೊಂಡ ಗಂಡನೂ ಸೇರಿ. ಹೀಗಾಗಿ ಅವನ ಹೆಂಡತಿ ಅಡೆಟುತು ಈಗ ಗಂಡಸರ ಟೋಪಿ, ನಿಲುವಂಗಿ ಧರಿಸಿ ಗದ್ದುಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಅವಳಿಗೆ ಅದು ಚೆನ್ನಾಗಿ ಒಪ್ಪುತ್ತಲೂ ಇತ್ತು.

"ಕಬಿಯೆಸಿ," ಎಂದ ಅಡೆಜುಗ್ಬೆ ಹಲ್ಲು ಕಚ್ಚಿ. ಹೆಂಡತಿಯನ್ನು ಮಹಾಪ್ರಭು ಎಂದು ಕರೆಯುವುದು ಯಾವ ಗಂಡನಿಗೂ ಸುಲಭವಲ್ಲ. "ಮನೆಗೆ ಯಾವಾಗ ಬರ್ತೀರಿ?"

"ಯಾಕಪ್ಪಾ, ನನ್ನ ನೆನಪಾಯ್ತೋ, ನನ್ನ ಕೈಯ ಮುದ್ದೆ ನೆನಪಾಯ್ತೋ?"

"ಎರಡೂನೂ. ಮುದ್ದೆಗೆ ಗೆಡ್ಡೆ ಕುಟ್ಟಿ ಕುಟ್ಟಿ ರಟ್ಟೆ ಬಿದ್ದೋಯ್ತು."

"ಹೋಗಲಿ ಬಿಡು. ಹಿರಿಯರಿಗೆ ನಾನೇ ಹೇಳ್ತೀನಿ. ಇನ್ಮೇಲೆ ನೀನು ಒನಕೆ ಮುಟ್ಟೋ ಹಾಗೇ ಇಲ್ಲ, ಆಯ್ತಾ?"

ಅವನ ಕಣ್ಣು ಒದ್ದೆಯಾಯಿತು. ಎಷ್ಟಾದರೂ ಕೈಹಿಡಿದವಳು.

ಅಲ್ಲಿಂದ ಅವನು ಸೀದಾ ಒಸಸೋನನ ಮನೆಗೆ ಹೋದ. ದೊರೆಯನ್ನು ಆರಿಸುವವರಲ್ಲಿ ಒಸಸೋನನೇ ಹಿರಿಯ. ಆರಿಸದೆ ದಿನ ದೂಡುವುದರಲ್ಲಂತೂ ಎತ್ತಿದ ಕೈ. ಕೋಲಾ ಕಾಯಿ ಕೊಟ್ಟಷ್ಟೂ ಜಗಿದ, ಜಿನ್ ಸುರಿದಷ್ಟೂ ಕುಡಿದ, ಹೆಸರು ಮಾತ್ರ ಬಾಯಿಬಿಡಲಿಲ್ಲ.

"ಯಾರನ್ನಾದ್ರೂ ಕೂರಿಸಿ ಅಜ್ಜಾ," ಎಂದು ಅಡೆಜುಗ್ಬೆ ಗೋಗರೆದ. "ರಾಜರಕ್ತ ಇದ್ರೆ ಸಾಕು. ಬುದ್ಧಿ ಇಲ್ದಿದ್ರೂ ನಡೆಯುತ್ತೆ."

"ಬುದ್ಧಿ ಇಲ್ದಿದ್ರೂ?"

"ನಮ್ಮ ಮುತ್ತಜ್ಜನೂ ಇದೇ ಊರು ಆಳಿದೋನು. ಅವನಿಗೆ ಇತ್ತಾ?"

ಒಸಸೋನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅದೂ ನಿಜವೇ," ಎಂದ.

ಅಡೆಜುಗ್ಬೆಯ ಲೆಕ್ಕಾಚಾರ ಸರಳವಾಗಿತ್ತು. ಗದ್ದುಗೆ ಬಿಟ್ಟುಕೊಡುವ ಮಗಳು ಹೊಸ ದೊರೆಯ ಮುಖವನ್ನು ಜೀವಮಾನದಲ್ಲಿ ನೋಡಕೂಡದು. ಆಯ್ಕೆಯಾದ ದಿನವೇ ಹಿಂಬಾಗಿಲಿನಿಂದ ಅರಮನೆ ಬಿಡಬೇಕು. ಬಿಟ್ಟವಳು ಇನ್ನೆಲ್ಲಿಗೆ ಹೋದಾಳು? ಸಂಜೆಯೊಳಗೆ ಒಲೆ ಮುಂದೆ ಇರುತ್ತಾಳೆ. ದೊರೆಯ ಮುಖ ನೋಡಿ ಅವಳಿಗೆ ಆಗಬೇಕಾದ್ದಾದರೂ ಏನು?

ಮುಂದಿನ ಸಂತೆಯ ದಿನ ಅರಮನೆಯ ನಗಾರಿ ಮೊಳಗಿತು. ಆಯ್ಕೆ ಮುಗಿದಿತ್ತು. ಅಡೆಜುಗ್ಬೆ ಅಂಗಳ ಗುಡಿಸಿದ. ಒನಕೆಯನ್ನು ತೊಳೆದು, ಬಂದ ತಕ್ಷಣ ಹೆಂಡತಿಯ ಕೈಗೆ ಸಿಗಲೆಂದು ಬಾಗಿಲಲ್ಲೇ ನಿಲ್ಲಿಸಿದ. ಪ್ರೀತಿ ಎಂದರೆ ಅಷ್ಟಿಷ್ಟಲ್ಲ.

ಬಂದದ್ದು ಹಿರಿಯರ ದಂಡು. ಒಸಸೋನ ಅಕೊಕೊ ಎಲೆಯೊಂದನ್ನು ಅವನ ಟೋಪಿಗೆ ಸಿಕ್ಕಿಸಿದ. ಆ ಎಲೆ ತಲೆಗೇರಿದ ಮೇಲೆ ಯಾರೂ ಒಲ್ಲೆ ಎನ್ನುವಂತಿಲ್ಲ. ಮುದುಕರೆಲ್ಲ ಒಟ್ಟಿಗೆ ಅಂಗಳದಲ್ಲಿ ಅಡ್ಡಬಿದ್ದರು.

"ಕಬಿಯೆಸಿ."

"ನಾನಾ?"

"ದೈವವನ್ನ ಕೇಳಿದಾಗ ಒಪ್ಪಿಗೆಯಾದದ್ದು ನಿಮ್ಮ ಹೆಸರೊಂದೇ. ಸೂಚಿಸಿದೋರು ಅಡೆಟುತು ಅಮ್ಮಾವ್ರು."

"ಅವಳೆಲ್ಲಿ?"

ಒಸಸೋನ ಮಣ್ಣಿನಿಂದ ಮುಖ ಎತ್ತದೆಯೇ ಉತ್ತರಿಸಿದ: "ಮಧ್ಯಾಹ್ನವೇ ಹಿಂಬಾಗಿಲಿಂದ ಊರು ಬಿಟ್ರು ಪ್ರಭು; ಇನ್ನು ಸಾಯೋತನಕ ನಿಮ್ಮ ಮುಖ ನೋಡೋ ಹಾಗಿಲ್ವಲ್ಲ, ಪದ್ಧತಿ ಮೀರೋಕಾಗುತ್ತಾ ಅಂತ ಬಹಳ ನೊಂದ್ಕೊಂಡ್ರು, ಪಾಪ, ನಗು ತಡೆಯೋಕೇ ಆಗ್ತಿರಲಿಲ್ಲ ಅವರಿಗೆ."