ದರ್ಜಿಯ ಅರ್ಧ ಮಾತು

ಧ್ವನಿಮುದ್ರಿಕೆ ಶುರುವಾಗಿ ಎರಡು ನಿಮಿಷ ಕಳೆಯುವಷ್ಟರಲ್ಲಿ ಆಪ್ತಸಮಾಲೋಚಕರ ಮುಖ ಕೆಂಪೇರಿತು. ಫೋನಿನಿಂದ ಕೇಳಿಬರುತ್ತಿದ್ದುದು ಅವರದೇ ದನಿ, ಬರೀ ಅವರದೇ. ಕುಡಿತ ಬಿಡಿಸುವ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಅಂದಿನ ತರಬೇತಿಗೆ ಬರುವ ಎಲ್ಲರೂ, ರೋಗಿಯ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಂಡ ಒಂದು ಮಾತುಕತೆ ತರಬೇಕೆಂದಿತ್ತು. ಇರುವುದರಲ್ಲಿ ಚೆನ್ನಾಗಿದೆಯೆಂದು ಅವರು ಆರಿಸಿ ತಂದದ್ದೇ ಇದು.

"ಲಿವರ್ ಗತಿ ಏನಾಗುತ್ತೆ ಗೊತ್ತೇನ್ರೀ? ಮಕ್ಕಳ ಮುಖ ನೋಡಿದೀರಾ? ಮನಸ್ಸು ಗಟ್ಟಿ ಮಾಡ್ಬೇಕು!" ನಡುವೆ ದರ್ಜಿಯೊಬ್ಬನ ತಗ್ಗಿದ ದನಿ: "ಸರ್, ಅದೇನಂದ್ರೆ, ಬೆಳಿಗ್ಗೆ ಎದ್ದ ಕೂಡ್ಲೇ ನನ್ನ..." ಅಷ್ಟರಲ್ಲಿ ಮತ್ತೆ ಲಿವರ್ ಬಂತು. ಹಿಂದಿನ ಸಾಲಿನ ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದರು. ಬೆನ್ನ ಹಿಂದೆ ಸಹೋದ್ಯೋಗಿಗಳು ತಮ್ಮನ್ನು 'ಮೈಕಾಸುರ' ಎನ್ನುವುದು ಅವರಿಗೂ ಗೊತ್ತಿತ್ತು.

ತರಬೇತಿ ನೀಡಲು ಬಂದ ಮನೋವೈದ್ಯೆ ಅವರ ಮಗಳ ವಯಸ್ಸಿನವಳು. ನಗಲಿಲ್ಲ, ಟೀಕಿಸಲೂ ಇಲ್ಲ. "ಹನ್ನೊಂದು ನಿಮಿಷದಲ್ಲಿ ನಿಮ್ಮ ರೋಗಿ ಮಾತಾಡಿದ್ದು ನಲವತ್ತು ಸೆಕೆಂಡು. ನಾಲ್ಕು ಸಲ ಒಂದೇ ಮಾತು ಶುರು ಮಾಡಿದ್ರು. ಏನು ಹೇಳೋಕೆ ಹೊರಟಿದ್ರು ಸರ್?"

"ಗೊತ್ತಿಲ್ಲ ಮೇಡಂ. ಆಮೇಲೆ ಅವನು ಬರ್ಲೇ ಇಲ್ಲ. ಬಿಡೋ ಮನಸ್ಸಿಲ್ಲ ಅಂತ ನಾನೂ ಸುಮ್ಮನಾದೆ."

"ಮನಸ್ಸಿಲ್ಲ ಅಂತ ಅವರು ಹೇಳಿದ್ರಾ?"

ಊಟದ ಬಿಡುವಿನಲ್ಲಿ ಆಪ್ತಸಮಾಲೋಚಕರು ಒಬ್ಬರೇ ಕುಳಿತು ಆ ಅರ್ಧ ಮಾತನ್ನು ಮತ್ತೆ ಮತ್ತೆ ಕೇಳಿದರು. ಸಂಜೆ ತರಬೇತಿ ಮುಗಿದದ್ದೇ ತಡ, ದರ್ಜಿಯ ಅಂಗಡಿ ಹುಡುಕಿಕೊಂಡು ಹೊರಟರು.

ಬಾಗಿಲಗಲದ ಅಂಗಡಿ. ದರ್ಜಿಯೊಬ್ಬನೇ ಇದ್ದ. ಅವರನ್ನು ಕಂಡು ಗಡಬಡಿಸಿ ಎದ್ದ. ಬಾಯಿಂದ ವಾಸನೆ ಬರುತ್ತಿತ್ತು. ಎಂದಿನ ಮಾತು ಆಪ್ತಸಮಾಲೋಚಕರ ನಾಲಿಗೆಯ ತುದಿಗೇ ಬಂದು ನಿಂತಿತು. ಅದನ್ನು ನುಂಗಿಕೊಂಡು ಸ್ಟೂಲಿನ ಮೇಲೆ ಕುಳಿತರು.

"ಅವತ್ತು ನೀವು ಏನೋ ಹೇಳ್ತಿದ್ರಿ. ನಾನು ಬಾಯಿ ಹಾಕಿ ಕೆಡಿಸಿದೆ. ಅದನ್ನ ಕೇಳೋಣ ಅಂತ ಬಂದೆ."

ದರ್ಜಿ ಬಹಳ ಹೊತ್ತು ಅವರನ್ನೇ ನೋಡಿದ. ಅವರು ಕಾದರು. ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ.

"ಬೆಳಿಗ್ಗೆ ಕೈ ನಡುಗುತ್ತೆ ಸರ್," ಎಂದ ಕೊನೆಗೆ. "ಬಟ್ಟೆ ಮೇಲೆ ಗೆರೆ ಎಳೆದ್ರೆ ಹಾವು ಹರಿದ ಹಾಗೆ ಆಗುತ್ತೆ. ಎರಡು ಗುಟುಕು ಹಾಕಿದ್ರೆ ನಿಲ್ಲುತ್ತೆ. ಎರಡಕ್ಕೇ ಎಲ್ಲಿ ನಿಲ್ಲುತ್ತೆ ಹೇಳಿ? ಒಂದ್ಸಲ ಬಿಟ್ಟೆ. ಎರಡನೇ ದಿನ ಮೈಯೆಲ್ಲ ಬೆವರು, ಗಿರಾಕಿಯ ಕೋಟಿನ ಬಟ್ಟೆ ಅಡ್ಡಾದಿಡ್ಡಿ ಕತ್ತರಿಸಿಬಿಟ್ಟೆ. ಕೈಗೋಸ್ಕರ ಕುಡೀತೀನಿ ಅಂದ್ರೆ ಯಾರು ನಂಬ್ತಾರೆ?" ಅವನು ಟೇಪನ್ನು ಕೊರಳಿಂದ ತೆಗೆದಿಟ್ಟು, ಶಾಲೆಯ ಮಗುವಿನಂತೆ ಕೈಕಟ್ಟಿ ಕುಳಿತ. "ಇಷ್ಟೇ ಸರ್. ಇನ್ನು ನೀವು ಬೈಯೋಕೆ ಶುರು ಮಾಡಿ."

ಆಪ್ತಸಮಾಲೋಚಕರು ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಬೈಯೋದು ಏನಿಲ್ಲ. ನಡುಕಕ್ಕೆ ಮಾತ್ರೆ ಇದೆ. ಡಾಕ್ಟರು ನೋಡಿ ಕೊಡ್ಬೇಕು. ಅಲ್ಲೀವರೆಗೆ ಏಕಾಏಕಿ ನಿಲ್ಲಿಸೋದು ಬೇಡ, ಅದು ಅಪಾಯ. ನಿಮಗೆ ಸರಿ ಅನ್ನಿಸಿದ್ರೆ ನಾಳೆ ಬೆಳಿಗ್ಗೆ ಇಬ್ಬರೂ ಹೋಗೋಣ್ವಾ?"

"ಬರ್ತೀನಿ," ಎಂದ ದರ್ಜಿ. ಆಮೇಲೆ ಕೇಳಿದ, "ಈ ಮಾತ್ರೆ ಅವತ್ತೂ ಇತ್ತಾ ಸರ್?"

"ಇತ್ತು."

ದರ್ಜಿ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ನಾಳೆ ಎಂಟಕ್ಕೆ ಬರುತ್ತೇನೆಂದು ಹೇಳಿ ಅವರು ಬಸ್ ನಿಲ್ದಾಣದ ಕಡೆ ನಡೆದರು. ದಾರಿಯುದ್ದಕ್ಕೂ, ಇನ್ನು ಬರುವುದಿಲ್ಲವೆಂದು ತಾವು ಫೈಲು ಮುಚ್ಚಿದವರ ಮುಖಗಳು ಒಂದೊಂದಾಗಿ ನೆನಪಾದವು. ಯಾರೊಬ್ಬರ ಮಾತೂ ನೆನಪಾಗಲಿಲ್ಲ.