ನಿಂಬೆವ್ವನ ಕಣ್ಣಿನ ಕಾವಲು

ನೇಯ್ದ ಸೀರೆ ಮಗ್ಗದಿಂದ ಇಳಿಯುವವರೆಗೆ ನಿಂಬೆವ್ವ ಹೊಸ ಸೆರಗನ್ನು ಯಾರಿಗೂ ತೋರಿಸಳು. ಆದರೂ ಈ ಸಲ ಸೀರೆ ಮಗ್ಗದಲ್ಲಿರುವಾಗಲೇ ಇಳಕಲ್ಲಿನ ಅಂಗಡಿಯಲ್ಲಿ ಅದೇ ವಿನ್ಯಾಸದ ಸೀರೆ ಮಾರಾಟಕ್ಕೆ ತೂಗುತ್ತಿತ್ತು. ಮಗ್ಗದ ಮೇಲಿನ ಸೆರಗನ್ನು ಕಂಡಿದ್ದುದು ಅವಳಿಗೆ ಕೂಡಿಸಿದ್ದ ಯಂತ್ರದ ಕಣ್ಣುಗಳು ಮಾತ್ರ. ನೆಟ್ಟಗೆ ಕಣ್ಣು ರಿಪೇರಿಯ ಗ್ಯಾನಪ್ಪನ ಬಳಿಗೆ ನಡೆದಳು.

“ಈ ಕಣ್ಣಿಗೆ ಅಪ್‌ಡೇಟ್ ನಿಂತು ಆರು ವರ್ಷ ಆತಬೇ,” ಎಂದ ಗ್ಯಾನಪ್ಪ.

“ಅದಕ್ಕಂತನ ನೀ ಕಾವಲು ಸಾಫ್ಟ್‌ವೇರ್ ಹಾಕಿಕೊಟ್ಟಿದ್ದೆಲ್ಲೋ? ದಿನಾ ‘ಸುರಕ್ಷಿತ’ ಅಂತ ತೋರಸ್ತೈತಿ.”

“ಅದಕ್ಕ ಹಳೇ ಕಳ್ಳರಷ್ಟ ಗೊತ್ತು. ಹೊಸಬರು ನುಗ್ಗೋ ಕಿಂಡಿ ಕಣ್ಣಾಗನ ಐತಿ. ಅದನ್ನ ಮುಚ್ಚಾವ್ರು ಯಾರೂ ಇಲ್ಲ.”

“ಆ ಕಾವಲು ಮಾರೋವಾಗ ನಿನಗಿದು ಗೊತ್ತಿತ್ತೇನು?”

ಗ್ಯಾನಪ್ಪ ತಲೆಯೆತ್ತದೆ ಸ್ಕ್ರೂಡ್ರೈವರ್ ಒರೆಸತೊಡಗಿದ.

ಮನೆಗೆ ಬಂದ ನಿಂಬೆವ್ವ ಕಣ್ಣಿಗೆ ಅರಿವೆ ಕಟ್ಟಿಕೊಂಡು, ಬೆರಳಿನಿಂದಲೇ ಎಳೆ ಎಣಿಸುತ್ತ ಹೊಸ ಸೆರಗಿಗೆ ಕೂತಳು. ಆ ಕತ್ತಲೆಯಲ್ಲೂ ಕಣ್ಣೊಳಗೆ ಹಸಿರು ಅಕ್ಷರ ಮೂಡಿತು: ‘ನೀವು ಸುರಕ್ಷಿತ.’